ಟವಲಿನ ಕೆಳಗಿನ ಕೈ

ಮೊನ್ನೆ ಕರ್ಜಗಿಯವರೊಬ್ಬರು ನನ್ನ ಔಷಧ ಅಂಗಡಿಗೆ ಬಂದು, ಬಿಪಿ ಮಾತ್ರೆ ತೆಗೆದುಕೊಂಡು, ಹೊರಡುವಾಗ ನೆನಪಾದವರಂತೆ "ನಿಮ್ಮ ದಲ್ಲಾಳಿ ಕಾಕಾ ಹೋದ್ರಲ್ರೀ" ಎಂದರು. ಹೋಗುವ ವಯಸ್ಸೇ ಆಗಿತ್ತು. ಮೊಮ್ಮಗಳ ಮದುವೆಯ ಊಟ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ. ಅಂಥ ಸಾವು ಬರುವುದು ಪುಣ್ಯ ಎಂದು ಕೌಂಟರಿನ ಈಚೆ ನಿಂತು ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಅವತ್ತು ಆ ಮಾತು ನನ್ನ ಬಾಯಿಗೆ ಬರಲಿಲ್ಲ. ಬಂದವರು ಹೋದ ಮೇಲೆ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಅವರು ನನ್ನ ಬಂಧುವಲ್ಲ, ಬಳಗವಲ್ಲ. ಹಾವೇರಿಯ ದನದ ಸಂತೆಯಲ್ಲಿ ಎತ್ತು ಮಾರಿಸುವ, ಕೊಡಿಸುವ ದಲ್ಲಾಳಿ. ನನ್ನ ಅಂಗಡಿ ಆ ಸಂತೆಗೆ ಹೋಗುವ ರಸ್ತೆಯಲ್ಲಿದೆ. ನಾನು ಅಂಗಡಿ ತೆರೆದಾಗ ಹಾವೇರಿ ಜಿಲ್ಲೆಯಾಗಿ ಇನ್ನೂ ಹೆಚ್ಚು ಕಾಲ ಕಳೆದಿರಲಿಲ್ಲ. ಹೆಣ್ಣುಮಗಳೊಬ್ಬಳು ಔಷಧ ಅಂಗಡಿ ಹಾಕಿದ್ದಾಳಂತೆ ಎಂದು ನೋಡಿ ಹೋಗುವುದಕ್ಕೇ ಕೆಲವರು ತಲೆನೋವಿನ ಮಾತ್ರೆ ಕೊಳ್ಳುತ್ತಿದ್ದರು. ಸಂತೆಯ ದಿನ ಬೆಳಿಗ್ಗೆ ಅಂಗಡಿಯ ಮುಂದೆ ಸಗಣಿ, ಗಂಜಲ, ಗದ್ದಲ. ಯಾರೋ ಒಬ್ಬ ನನ್ನ ಶಟರಿನ ಹಿಡಿಕೆಗೇ ಎತ್ತು ಕಟ್ಟಿರುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಈಗಲೂ ಏರುತ್ತದೆ, ಬಿಡಿ.

ಅಂಥ ಒಂದು ಸಂತೆಯ ದಿನ, ಡಿಸೆಂಬರಿನ ಚಳಿಯಲ್ಲಿ, ಎತ್ತರದ ಮನುಷ್ಯರೊಬ್ಬರು ಬಂದು ಮಾತಿಲ್ಲದೆ ಬಲಗೈಯನ್ನು ಕೌಂಟರಿನ ಗಾಜಿನ ಮೇಲಿಟ್ಟರು. ಹೆಬ್ಬೆರಳೊಂದು ಬಿಟ್ಟು ಉಳಿದ ಬೆರಳುಗಳೆಲ್ಲ ಸುಣ್ಣದಲ್ಲಿ ಅದ್ದಿ ತೆಗೆದಂತೆ ಬೆಳ್ಳಗಿದ್ದವು.

"ತಂಗೀ, ಇದಕ್ಕೊಂದು ಮುಲಾಮ ಕೊಡವ್ವಾ" ಎಂದರು.

"ಇದು ಮುಲಾಮಿಗೆ ಹೋಗೂದಲ್ರಿ ಕಾಕಾ. ಥಂಡಿಗೆ ರಕ್ತ ಬಟ್ಟಿನ ತುದಿತನಕಾ ಹೋಗವಲ್ದು. ಡಾಕ್ಟರಿಗೆ ತೋರಸ್ರಿ."

"ರಕ್ತಕ್ಕೇನ ಧಾಡಿ? ಹುಟ್ಟಿದಾಗಿಂದ ಅದಾ ದಾರ್ಯಾಗ ಓಡ್ಯಾಡೇತಿ. ಈಗ ದಾರಿ ಮರತೈತೇನು?"

"ಮರತಿಲ್ರಿ. ಥಂಡಿ ಕಂಡ್ರ ಹೆದರ್ತೈತಿ."

"ಹಂಗಾರ ಅದಕ್ಕ ಧೈರ್ಯ ಬರೂವಂಥಾ ಮುಲಾಮ ಕೊಡು."

ಹೀಗೆ ಶುರುವಾಯಿತು ನಮ್ಮ ಪರಿಚಯ. ಚರ್ಮ ಒಡೆಯದಿರಲೆಂದು ಏನೋ ಒಂದು ಸಾದಾ ಮುಲಾಮು ಕೊಟ್ಟು, ಕೈಗವಸು ಹಾಕಿಕೊಳ್ಳಿ ಎಂದು ಹೇಳಿ ಕಳಿಸಿದೆ. ಮುಂದಿನ ವಾರ ಬಂದು, ಮುಲಾಮು ಉಪಯೋಗಕ್ಕೆ ಬರಲಿಲ್ಲ, ಆದರೆ ನೀನು ಮೊದಲೇ ಉಪಯೋಗವಿಲ್ಲ ಎಂದು ಹೇಳಿದ್ದೆಯಲ್ಲ, ಅದು ಸೇರಿತು ಎಂದರು. ಆವತ್ತಿನಿಂದ ಕರ್ಜಗಿಯ ಮೊದಲ ಬಸ್ಸಿಗೆ ಬಂದವರು ಸಂತೆಗೆ ಹೋಗುವ ಮುಂಚೆ ನನ್ನ ಅಂಗಡಿಯ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೇ ಹೋಗುತ್ತಿದ್ದರು.

ಅವರ ಚಳಿಗಾಲದ ವೇಷ ನೋಡುವಂತಿರುತ್ತಿತ್ತು. ಬನಿಯನ್, ಅದರ ಮೇಲೆ ಶರ್ಟು, ಅದರ ಮೇಲೆ ಸ್ವೆಟರು, ಅದರ ಮೇಲೆ ಮೇಡ್ಲೇರಿಯಿಂದ ತಂದ ಕರಿ ಕಂಬಳಿ. ಕಿವಿಗೆ ಮಫ್ಲರು. ಕಾಲಿಗೆ ಉಣ್ಣೆಯ ಕಾಲುಚೀಲ, ಅದರ ಮೇಲೆ ಚಪ್ಪಲಿ. ಇಷ್ಟೆಲ್ಲ ಹೊದ್ದೂ ಮೀಸೆ ಮಾತ್ರ ಎಣ್ಣೆ ಹಚ್ಚಿ ತಿದ್ದಿರಬೇಕು. ಹೆಗಲ ಮೇಲೆ ಹಾಲಿನಂಥ ಬಿಳಿ ಟವಲು ಇರಲೇಬೇಕು. ಇಡೀ ಸಂತೆ ಗಂಟಲು ಹರಿದುಕೊಳ್ಳುತ್ತಿದ್ದರೆ ಇವರು ದನಿ ಏರಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ. "ಒದರಾಂವಗ ಎತ್ತೂ ಬೆದರ್ತಾವ, ಗಿರಾಕೀನೂ ಬೆದರ್ತಾನ" ಎನ್ನುತ್ತಿದ್ದರು.

ಚಳಿಯ ಬಗ್ಗೆ ಅವರಿಗೆ ತಮ್ಮದೇ ಆದ ಶಾಸ್ತ್ರವಿತ್ತು. ಥಂಡಿ ಮನುಷ್ಯನೊಳಗೆ ಬರುವುದು ಕಿವಿಯಿಂದ, ಹೊರಗೆ ಹೋಗುವುದು ಅಂಗಾಲಿನಿಂದ, ನಡುವೆ ದಾರಿ ತಪ್ಪಿ ಬೆರಳಿಗೆ ಹೊಕ್ಕರೆ ಅಲ್ಲೇ ಠಿಕಾಣಿ ಹೂಡುತ್ತದೆ. ಶಾಸ್ತ್ರದ ಮೇಲೆ ಪ್ರಯೋಗಗಳೂ ನಡೆಯುತ್ತಿದ್ದವು. ಬ್ಯಾಡಗಿ ಅವರ ಹೆಂಡತಿಯ ತವರು. ಅಲ್ಲಿನ ಭಾವಮೈದುನ, ಕಾಲುಚೀಲದೊಳಗೆ ಖಾರಪುಡಿ ಹಾಕಿಕೊಂಡರೆ ಕಾಲು ಕಾವೇರುತ್ತದೆ ಎಂದು ಹೇಳಿಕೊಟ್ಟ. ಇವರು ಮನೆಯ ಡಬ್ಬಿಯಿಂದ ಎರಡು ಮುಷ್ಟಿ ಹಾಕಿಕೊಂಡು ಇಡೀ ದಿನ ಸಂತೆ ತಿರುಗಿದರು. ಸಂಜೆ ಮನೆಯಲ್ಲಿ ಕಾಲುಚೀಲ ಕಳಚಿದರೆ ಪಾದ ಕೆಂಪೋ ಕೆಂಪು. ಹೆಂಡತಿ ರಕ್ತವೆಂದು ಹೌಹಾರಿ ಓಣಿಯವರನ್ನೆಲ್ಲ ಕೂಡಿಸಿದಳು. ಕಾವು ಮಾತ್ರ ಕೇಳಬೇಡಿ.

"ಬ್ಯಾಡಗಿ ಕಾಯಿ ಬಣ್ಣಕ್ಕ ಐತೆವ್ವಾ, ಖಾರಕ್ಕಲ್ಲ" ಎಂದು ನನ್ನ ಮುಂದೆ ಗೊಣಗಿದರು. "ಅದು ಗೊತ್ತಿದ್ದೂ ಬ್ಯಾಡಗ್ಯಾಂವ ಹೇಳಿದ, ಕರ್ಜಗ್ಯಾಂವ ಕೇಳಿದ. ಯಾಂವ ದಡ್ಡ?"

"ಕಾಲುಚೀಲ ಏನಾತ್ರಿ?"

"ನಮ್ಮಕಿ ಒಕ್ಕೊಂತ ಕುಂತಾಳ. ಬಾಂವಿಕಟ್ಟಿ ಸುದ್ದಾ ಕೆಂಪಗಾಗೇತಿ."

ಖಾರಪುಡಿಯ ಬದಲು ನಾನೊಂದು ವ್ಯಾಯಾಮ ಹೇಳಿಕೊಟ್ಟೆ. ತೋಳನ್ನು ಚಾಚಿ ಗಿರಗಿರನೆ ದೊಡ್ಡದಾಗಿ ತಿರುಗಿಸಬೇಕು, ರಕ್ತ ತಾನಾಗಿ ಬೆರಳಿನ ಕಡೆ ಇಳಿಯುತ್ತದೆ. ಅವರಿಗೆ ಅದು ಬಹಳ ಹಿಡಿಸಿತು. ನನ್ನ ಅಂಗಡಿಯ ಮುಂದೆ ರಸ್ತೆಯ ಅಂಚಿನಲ್ಲಿ ನಿಂತು, ಕಂಬಳಿ ಹಾರುವಂತೆ ಕೈ ತಿರುಗಿಸತೊಡಗಿದರು. ರಾಣೇಬೆನ್ನೂರಿನ ಬಸ್ಸೊಂದು ಬಂದು ಅವರೆದುರು ಗಕ್ಕನೆ ನಿಂತಿತು. ಕಂಡಕ್ಟರು ಬಾಗಿಲು ತೆಗೆದು "ಲಗೂ ಹತ್ರಿ" ಎಂದ. ಇವರು ಕೈ ನಿಲ್ಲಿಸದೆ, "ನಾ ಬಸ್ಸು ಕರೀವಲ್ಲೆಪಾ, ರಕ್ತ ಕರ್ಯಾಕತ್ತೇನಿ. ನೀ ಹೋಗು" ಎಂದರು. ಬಸ್ಸಿನಲ್ಲಿದ್ದವರು ರಾಣೇಬೆನ್ನೂರು ಮುಟ್ಟುವತನಕ ನಕ್ಕಿರಬೇಕು. ಒಳಗೆ ನಾನು ಒಬ್ಬ ಗಿರಾಕಿಗೆ ಕೆಮ್ಮಿನ ಔಷಧಿಯ ಬದಲು ಹೊಟ್ಟೆನೋವಿನದು ಕೈಗೆ ಕೊಟ್ಟು, ನಗುತ್ತಲೇ ತಿರುಗಿ ಇಸಕೊಂಡೆ.

ನಗು ಅಲ್ಲಿಗೆ ಸಾಕು. ಅವರ ಕೈ ಎಂದರೆ ಅವರ ಬದುಕು ಎಂಬುದು ನನಗೆ ತಡವಾಗಿ ತಿಳಿಯಿತು. ದನದ ಸಂತೆಯಲ್ಲಿ ಎತ್ತಿನ ರೇಟನ್ನು ಬಾಯಿಂದ ಹೇಳುವುದಿಲ್ಲ. ದಲ್ಲಾಳಿ ತನ್ನ ಕೈಯನ್ನು ಚಾಚಿ ಮೇಲೆ ಟವಲು ಹಾಕುತ್ತಾನೆ. ಎತ್ತಿನ ಒಡೆಯ ಟವಲಿನ ಕೆಳಗೆ ಕೈ ತೂರಿಸಿ ದಲ್ಲಾಳಿಯ ಬೆರಳು ಹಿಡಿಯುತ್ತಾನೆ. ಒಂದು ಬೆರಳೆಂದರೆ ಒಂದು ಸಾವಿರ, ಎಷ್ಟು ಬೆರಳು ಹಿಡಿದನೋ ಅಷ್ಟು ರೇಟು. ಕೊಳ್ಳುವವನದೂ ಹೀಗೆಯೇ. ಎರಡೂ ಕೈಗಳ ನಡುವೆ ದಲ್ಲಾಳಿ ಓಡಾಡಿ ವ್ಯಾಪಾರ ಕುದುರಿಸುತ್ತಾನೆ. ಹಗ್ಗ ಕೈಯಿಂದ ಕೈಗೆ ಹೋಯಿತೆಂದರೆ ಮುಗಿಯಿತು, ಆಮೇಲೆ ತಕರಾರಿಲ್ಲ.

"ಬಾಯಿಲೆ ಹೇಳಿದ್ರ ಏನಾಕ್ಕೈತ್ರಿ?" ಎಂದು ನಾನೊಮ್ಮೆ ಕೇಳಿದ್ದೆ.

ಅವರು ನಗಲಿಲ್ಲ. "ಒಬ್ಬಾಂವ ಮಗಳ ಬಾಣಂತನಕ್ಕ ಎತ್ತು ಮಾರಾಕ ಬಂದಿರ್ತಾನ. ಒಬ್ಬಾಂವ ಔಷಧಕ್ಕ. ಎಷ್ಟಕ್ಕ ಇಳದ ಅನ್ನೂದು ಬಾಜೂ ಹಗ್ಗದಾಂವಗ ಯಾಕ ತಿಳೀಬೇಕು? ಬಡವನ ಗರಜು ಟವಲಿನ ಕೆಳಗ ಇರಬೇಕವ್ವಾ. ಅದಕ್ಕಾ ನಾವು ಇರೂದು."

ಹಾಗೆ ಹೇಳಿದ ಮನುಷ್ಯರಿಗೇ ಒಂದು ಚಳಿಗಾಲದಲ್ಲಿ ಕೈ ಮೋಸ ಮಾಡಿತು. ಮಂಜು ಬಿದ್ದು ಪಕ್ಕದವರ ಮುಖ ಕಾಣದಂಥ ಬೆಳಗು. ಕದರಮಂಡಲಗಿ ಕಡೆಯ ರೈತನೊಬ್ಬ ಟವಲಿನ ಕೆಳಗೆ ಇವರ ನಾಲ್ಕು ಬೆರಳು ಹಿಡಿದ. ಮರಗಟ್ಟಿದ್ದ ಕಿರುಬೆರಳಿಗೆ ಸ್ಪರ್ಶವೇ ತಿಳಿಯಲಿಲ್ಲ. ಇವರು ಮೂರೆಂದುಕೊಂಡರು. ಮೂರಕ್ಕೇ ಗಿರಾಕಿ ಹುಡುಕಿ, ಹಗ್ಗ ಕೊಡಿಸಿಬಿಟ್ಟರು. ಕೈಗೆ ಬಂದ ಹಣ ಎಣಿಸಿದ ರೈತ ತಬ್ಬಿಬ್ಬಾಗಿ ಬಾಯಿ ಬಿಟ್ಟಾಗ ಗಿರಾಕಿ ಎತ್ತು ಹೊಡೆದುಕೊಂಡು ಸಂತೆಯ ಬಾಗಿಲು ದಾಟುತ್ತಿದ್ದ. ಬೇರೆ ದಲ್ಲಾಳಿಯಾಗಿದ್ದರೆ ನೀನು ಹಿಡಿದದ್ದೇ ಮೂರು ಎಂದು ದಬಾಯಿಸಿ ಮುಗಿಸುತ್ತಿದ್ದ. ಟವಲಿನ ಕೆಳಗಿನದಕ್ಕೆ ಸಾಕ್ಷಿ ಯಾರು? ಇವರು ಓಡಿಹೋಗಿ ಎತ್ತಿನ ಮುಂದೆ ಅಡ್ಡ ನಿಂತರಂತೆ. ಜನ ಸೇರಿತು. ಎಂದೂ ದನಿ ಏರಿಸದವರು ಅಷ್ಟೂ ಜನರಿಗೆ ಕೇಳುವಂತೆ ಹೇಳಿದರು:

"ಇಂವಂದೂ ತಪ್ಪಿಲ್ಲ, ಅವಂದೂ ತಪ್ಪಿಲ್ಲ. ನನ್ನ ಕೈ ಸುಳ್ಳ ಹೇಳೇತಿ. ಹಗ್ಗ ತಿರುಗಿ ಕೊಡ್ರಿ."

ಕೊಟ್ಟ ಹಗ್ಗ ತಿರುಗಿ ಬಂದದ್ದನ್ನು ಆ ಸಂತೆ ಕಂಡಿರಲಿಲ್ಲ. ರೈತನಿಗೆ ಎತ್ತು ಸಿಕ್ಕಿತು, ಗಿರಾಕಿ ಬಯ್ದುಕೊಳ್ಳುತ್ತ ಬೇರೆ ಎತ್ತು ಹುಡುಕಿಕೊಂಡು ಹೋದ. ದಲ್ಲಾಳಿಗೆ ಮಾತ್ರ ಏನೂ ಉಳಿಯಲಿಲ್ಲ. ಮುಂದಿನ ಸಂತೆಯಲ್ಲಿ ಅವರು ಟವಲು ಹಾಕಿ ಕೈ ಚಾಚಿದರೆ ಒಬ್ಬರೂ ಕೈ ಕೊಡಲಿಲ್ಲ. ಮನುಷ್ಯ ಪ್ರಾಮಾಣಿಕ ಎಂದು ಎಲ್ಲರೂ ಹೊಗಳಿದರು, ಹೊಗಳಿ ಬೇರೆ ದಲ್ಲಾಳಿಯ ಹತ್ತಿರ ಹೋದರು. ಈ ಹೊಗಳಿಕೆ ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಆ ಹೊತ್ತಿಗೆ ಇನ್ನೊಂದು ಅನಾಹುತವನ್ನೂ ಮಾಡಿಕೊಂಡರು. ಮುನಿದ ಕೈಯನ್ನು ದಾರಿಗೆ ತರುತ್ತೇನೆಂದು ಮನೆಯಲ್ಲಿ ಒಣ ಕಟ್ಟಿಗೆ ಒಟ್ಟಿ ಬೆಂಕಿ ಹಾಕಿ ಅದರ ಮೇಲೇ ಕೈ ಹಿಡಿದು ಕೂತರು. ಮರಗಟ್ಟಿದ ಬೆರಳಿಗೆ ಬಿಸಿಯೂ ತಿಳಿಯುವುದಿಲ್ಲ. ಸುಟ್ಟ ವಾಸನೆ ಹೆಂಡತಿಯ ಮೂಗಿಗೆ ಬಡಿದ ಮೇಲೆ ಇವರಿಗೆ ಗೊತ್ತಾಯಿತು. ಬೊಬ್ಬೆ ಎದ್ದ ಕೈ ಹಿಡಿದುಕೊಂಡು ಬಂದು, ಬಿಸಿನೀರಿನ ರಬ್ಬರ್ ಚೀಲ ಕೊಡು, ಇನ್ನು ಬೆಂಕಿಯ ತಂಟೆ ಬೇಡ ಎಂದರು.

"ನಿಮಗ ಕೊಡಂಗಿಲ್ಲ" ಎಂದೆ. ನಾನು ನಿಜವಾಗಿಯೂ ಸಿಟ್ಟಾಗಿದ್ದೆ. "ಕುದಿಯೂ ನೀರು ತುಂಬಿ ಕೈ ಬೇಯಿಸ್ಕೊಂತೀರಿ. ನಾಳೆ ರಾಣೇಬೆನ್ನೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದ ಚೀಟಿ ತಗೊಂಡು ಬರ್ರಿ. ಬರೂ ಮುಂದ ಮನ್ಯಾಗಿನವರನ್ನೂ ಕರ್ಕೊಂಡು ಬರ್ರಿ. ಚೀಲ ಅವರ ಕೈಯಾಗ ಕೊಡ್ತೇನಿ."

"ಅಗದೀ ಹೆಡಮಾಸ್ತರ ಆದಿ ಬಿಡು" ಎಂದರು. ಆದರೆ ಹೋದರು.

ರಾಣೇಬೆನ್ನೂರಿನ ಡಾಕ್ಟರು ಮಣಿಕಟ್ಟು, ಪಾದ ಎಲ್ಲ ಕಡೆ ನಾಡಿ ಹಿಡಿದು ನೋಡಿ, ಬೀಡಿ ಸೇದುತ್ತೀರಾ ಎಂದು ಕೇಳಿದರಂತೆ. ಇವರು ಬೀಡಿ ಸೇದುತ್ತಿದ್ದದ್ದೇ ಚಳಿಗೆ. ಎದೆಯೊಳಗೆ ಸಣ್ಣ ಒಲೆ ಹಚ್ಚಿದಂತೆ ಎಂದು ಅವರ ನಂಬಿಕೆ. ಡಾಕ್ಟರು, ಆ ಹೊಗೆಯೇ ನಿಮ್ಮ ರಕ್ತನಾಳಗಳನ್ನು ಹಿಂಡುತ್ತಿದೆ, ಬೆರಳು ಬೇಕೋ ಬೀಡಿ ಬೇಕೋ ನೀವೇ ನೋಡಿ ಎಂದರು. ಮುಂದೆ ಹುಣ್ಣಾದರೆ ಬೆರಳು ತೆಗೆಯಬೇಕಾದೀತು ಎಂದೂ ಹೇಳಿದರು.

"ನೀವೇನಂದ್ರಿ?" ಎಂದೆ.

"ಬೀಡಿ ಅರ್ಧಾ ಮಾಡ್ತೇನಿ ಅಂದೆ. ಇಲ್ಲ ಅಂದ. ಸಂತಿ ದಿನ ಮಾತ್ರ ಒಂದು ಅಂದೆ. ಇಲ್ಲ ಅಂದ. ಛಲೋ ದಲ್ಲಾಳಿ ಆಗ್ತಿದ್ದ ನೋಡು ಅಂವ. ಒಂದಾ ರೇಟ ಹೇಳಿದ, ಇಳೀಲೇ ಇಲ್ಲ."

ಅವತ್ತೇ ಬೀಡಿ ಬಿಟ್ಟರು. ಬಿಟ್ಟವರನ್ನು ಸಹಿಸಿಕೊಂಡ ಪುಣ್ಯವೆಲ್ಲ ಅವರ ಹೆಂಡತಿಯದು. ಚೀಲ ಇಸಕೊಳ್ಳಲು ಬಂದ ಆ ತಾಯಿಗೆ ನಾನು ಹೇಳಿದೆ: ನೀರು ತುಂಬಿದ ಮೇಲೆ ಮೊದಲು ನಿಮ್ಮ ಕೈಗೆ ಹಿಡಿದು ನೋಡಿ, ಕೂಸಿಗೆ ಎರೆಯುವ ನೀರಿನಷ್ಟು ಬಿಸಿ ಸಾಕು. "ಕೂಸಾ ಐತಿ ಬಿಡ್ರಿ" ಎಂದು ಗಂಡನ ಕಡೆ ನೋಡಿದರು. "ಬೀಡಿ ಬಿಟ್ಟಾಗಿಂದ ಹುರಗಡ್ಲಿ ಬೇಕು, ಶೇಂಗಾ ಬೇಕು, ಬೆಲ್ಲ ಬೇಕು. ಕೊಡದಿದ್ರ ಸೊಟ್ಟ ಮಾರಿ." ಕಾಕಾ ಹುರಗಡಲೆ ಅಗಿಯುತ್ತ ಬೇರೆ ಕಡೆ ನೋಡಿದರು.

ಉಳಿದ ಚಳಿಗಾಲವನ್ನು ಅವರು ನನ್ನ ಬೆಂಚಿನ ಮೇಲೆಯೇ ಕಳೆದರು. ಸಂತೆಯ ದಿನ ಮೊದಲ ಬಸ್ಸಿಗೇ ಬರುವುದು, ಕಂಬಳಿಯೊಳಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂರುವುದು, ಎದ್ದು ಕೈ ತಿರುಗಿಸುವುದು, ಮತ್ತೆ ಕೂರುವುದು. ಔಷಧಿಗೆ ಬಂದ ರೈತರು ಪಕ್ಕದಲ್ಲಿ ಕೂತು, "ಕಾಕಾ, ಸ್ವಲ್ಪ ಕೊಡ್ರಿ ಇಲ್ಲೆ" ಎಂದು ಆ ಚೀಲದ ಮೇಲೆ ತಮ್ಮ ಕೈಯನ್ನೂ ಕಾಯಿಸಿಕೊಳ್ಳುತ್ತಿದ್ದರು. ಕಾಯಿಸಿಕೊಂಡು ಎದ್ದು, ವ್ಯಾಪಾರಕ್ಕೆ ಬೇರೆಯವರ ಹತ್ತಿರ ಹೋಗುತ್ತಿದ್ದರು. ಇವರು ಟವಲು ಕೊಡವಿ, ಮಡಿಕೆ ಸರಿಮಾಡಿ, ಮತ್ತೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಮನೆಯಲ್ಲಿ ಹೊಲವಿತ್ತು, ಜೋಳವಿತ್ತು, ಹೊಟ್ಟೆಗೆ ಕಡಿಮೆ ಇರಲಿಲ್ಲ. ಆದರೂ ಹಾಗೆ ಕೂತ ಆ ಮನುಷ್ಯರನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು. ಯಾರಾದರೂ ಒಬ್ಬರು ಕೈ ಕೊಡಲಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಬೇಸಿಗೆ ಬಂದಾಗ ಒಬ್ಬಿಬ್ಬರು ಕರೆದರು. ಈಗ ಬಿಸಿಲಿದೆ, ಕೈ ಚೆನ್ನಾಗಿರುತ್ತದೆ, ಬನ್ನಿ ಎಂದರು. ಇವರು ಹೋಗಲಿಲ್ಲ. ನಾನು ಜಗಳವನ್ನೇ ಆಡಿದೆ. ಬಂದ ವ್ಯಾಪಾರ ಬಿಡುವುದು ಯಾವ ಜಾಣತನ?

"ಬಿಸಲಾಗ ಎಲ್ಲಾರ ಕೈನೂ ಖರೇ ಹೇಳ್ತಾವ" ಎಂದರು. "ಥಂಡ್ಯಾಗ ಹೋದ ಮಾನ ಥಂಡ್ಯಾಗ ಬರಬೇಕು. ತಡಿ, ಬರ್ತೈತಿ."

ಎಂಥ ಧೈರ್ಯ ನೋಡಿ! ಬರುತ್ತದೆ ಎಂದು ಇವರಿಗೆ ಬರೆದುಕೊಟ್ಟವರು ಯಾರು? ಡಾಕ್ಟರು ಕೂಡ ಭರವಸೆ ಕೊಟ್ಟಿರಲಿಲ್ಲ. ಆದರೂ ಆ ಮಳೆಗಾಲವಿಡೀ ಅವರು ತಯಾರಿ ನಡೆಸಿದರು. ದಿನಾ ಹೊಲದ ಬದುವಿನ ಮೇಲೆ ನಡೆದರು. ಹೆಂಡತಿ ರಾತ್ರಿ ಎಳ್ಳೆಣ್ಣೆ ಹಚ್ಚಿ ಕೈಕಾಲು ತಿಕ್ಕಿದಳು. ದಸರೆ ಮುಗಿದು ಬೆಳಗಿನ ಗಾಳಿ ತಂಪಾಗುತ್ತಲೇ, ಬೆರಳು ತಣ್ಣಗಾಗುವ ಮೊದಲೇ ಕೈಗವಸು ಹಾಕಿದರು. ತಣ್ಣಗಾದ ಮೇಲೆ ಹಾಕಿದರೆ ಪ್ರಯೋಜನವಿಲ್ಲ ಎಂದು ನಾನು ವರ್ಷವೆಲ್ಲ ಒದರಿದ್ದು ಕೊನೆಗೂ ಕಿವಿಗೆ ಬಿದ್ದಿತ್ತು. ಬಿಗಿಯಾದ ಕಾಲುಚೀಲ ಬಿಟ್ಟು ಸಡಿಲಾದದ್ದು ತಂದರು. ಒದ್ದೆಯಾದರೆ ಬದಲಿಸಲು ಇನ್ನೊಂದು ಜೊತೆ ಕಂಬಳಿಯ ಗಂಟಿನಲ್ಲಿ ಇರುತ್ತಿತ್ತು.

ಡಿಸೆಂಬರು ಬಂತು. ಬೇಸಿಗೆಯಲ್ಲಿ ಕರೆದವರು ಈಗ ಕರೆಯಲಿಲ್ಲ. ಒಂದು ಸಂತೆ ಹೋಯಿತು, ಇನ್ನೊಂದು ಹೋಯಿತು. ಮೂರನೆಯದರ ಬೆಳಿಗ್ಗೆ ಮೈ ಕೊರೆಯುವ ಚಳಿ. ಅಂಗಡಿಯ ಶಟರು ಮುಟ್ಟಿದರೆ ಕೈ ಝುಮ್ಮೆನ್ನುತ್ತಿತ್ತು. ಕಾಕಾ ಬಂದು ಬೆಂಚಿನ ಮೇಲೆ ಕೂರಲಿಲ್ಲ, ನೇರ ಕೌಂಟರಿಗೆ ಬಂದರು. ಬಲಗೈಯ ಗವಸು ಕಳಚಿ ಕೈಯನ್ನು ಗಾಜಿನ ಮೇಲಿಟ್ಟು, ಮೇಲೆ ಟವಲು ಹಾಕಿದರು.

"ಹಿಡಿ ತಂಗೀ. ನಾ ಹೇಳ್ತೇನಿ."

"ನಾನು?"

"ಮತ್ಯಾರು? ಮುಲಾಮ ಕೊಟ್ಟಾಕಿ ನೀನಾ. ಖರೇ ಹೇಳು, ಕರುಣೆ ಮಾಡಬ್ಯಾಡ."

ಹೆಂಗಸರು ಆ ಟವಲಿನ ಕೆಳಗೆ ಕೈ ಹಾಕಿದ್ದುಂಟೋ ಇಲ್ಲವೋ ನನಗೆ ತಿಳಿಯದು. ಅಂಗಡಿಯಲ್ಲಿ ಆಗ ಒಬ್ಬನೇ ಗಿರಾಕಿ, ಮೇಡ್ಲೇರಿಯ ಕಡೆಯ ರೈತ. ಎತ್ತನ್ನು ಹೊರಗೆ ಕಂಬಕ್ಕೆ ಕಟ್ಟಿ, ಮಗುವಿನ ಜ್ವರದ ಔಷಧಿಗೆ ನಿಂತಿದ್ದ. ನಾನು ಟವಲಿನ ಕೆಳಗೆ ಕೈ ತೂರಿಸಿ ಎರಡು ಬೆರಳು ಹಿಡಿದೆ.

"ಎರಡು" ಎಂದರು.

ನಾಲ್ಕು ಹಿಡಿದೆ. "ನಾಕು." ಮೂರು ಹಿಡಿದೆ. "ಮೂರು. ಇಷ್ಟ ಬಿಗಿಯಾಗಿ ಹಿಡಿಬ್ಯಾಡ, ಸಂತ್ಯಾಗ ಯಾರೂ ಹಂಗ ಹಿಡಿಯಂಗಿಲ್ಲ."

ನಾನು ಎಲ್ಲವನ್ನೂ ಬಿಟ್ಟು, ಮೋಸ ಮಾಡಿದ್ದ ಆ ಕಿರುಬೆರಳನ್ನು ಮಾತ್ರ, ಉಗುರಿನ ತುದಿಯಿಂದ ಇಷ್ಟೇ ಇಷ್ಟು ಮುಟ್ಟಿದೆ. ಅವರು ಕಣ್ಣು ಮುಚ್ಚಿದರು. ಇಷ್ಟು ಸಣ್ಣದಾಗಿ ಮುಟ್ಟಬಾರದಿತ್ತು, ಸ್ವಲ್ಪ ಒತ್ತಲೇ ಎಂದುಕೊಂಡೆ. ಕರುಣೆ ಬೇಡ ಎಂದದ್ದು ನೆನಪಾಗಿ ಒತ್ತಲಿಲ್ಲ.

"ಕಿರಿಬಟ್ಟು" ಎಂದರು ನಿಧಾನವಾಗಿ. "ಹಿಡದಿಲ್ಲ. ಉಗುರು ತಾಗಿಸಿ."

ನಾನು ಕೈ ಹೊರಗೆ ತೆಗೆದೆ. ಹೌದೆಂದು ತಲೆ ಆಡಿಸಿದೆ. ಅವರು ಟವಲು ತೆಗೆಯುವುದಕ್ಕೆ ಎಡಗೈ ಚಾಚಿದರು. ಅಷ್ಟರಲ್ಲಿ ಆ ಮೇಡ್ಲೇರಿಯ ರೈತ ಒಂದು ಹೆಜ್ಜೆ ಮುಂದೆ ಬಂದು, ಔಷಧಿಯ ಬಾಟಲಿಯನ್ನು ಎಡಗೈಗೆ ಬದಲಿಸಿಕೊಂಡು, ಬಲಗೈಯನ್ನು ಟವಲಿನ ಕೆಳಗೆ ಹಾಕಿದ. ಟವಲು ಒಂದೆರಡು ಸಲ ಅಲುಗಾಡಿತು. ಕಾಕಾ ಅವನ ಮುಖ ನೋಡಿದರು. ಅವನು ತಲೆ ಬಗ್ಗಿಸಿ ಹೂಂಗುಟ್ಟಿದ. ಎಷ್ಟೆಂದು ಅವರಿಬ್ಬರಿಗೆ ಗೊತ್ತು.

"ಬಾ" ಎಂದರು ಕಾಕಾ. ಎತ್ತು ಬಿಚ್ಚಿಕೊಂಡು ಇಬ್ಬರೂ ಮಂಜಿನೊಳಗೆ ಹೋದರು.

ಅವರು ಹೋಗಿ ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ, ಕಳಚಿಟ್ಟ ಕೈಗವಸು ಕೌಂಟರಿನ ಮೇಲೆಯೇ ಬಿದ್ದಿತ್ತು. ಇಷ್ಟು ವರ್ಷ ಇದೇ ರಸ್ತೆಯಲ್ಲಿದ್ದೂ ನಾನು ಆ ಸಂತೆಯೊಳಗೆ ಕಾಲಿಟ್ಟವಳಲ್ಲ. ಅವತ್ತು ಅಂಗಡಿಯನ್ನು ಹಾಗೇ ತೆರೆದಿಟ್ಟು, ಗವಸು ಹಿಡಿದುಕೊಂಡು, ಸಗಣಿ ತುಳಿಯುತ್ತ, ಎತ್ತುಗಳ ಬಾಲ ತಪ್ಪಿಸಿಕೊಳ್ಳುತ್ತ ಓಡಿದೆ. ಬಿಳಿ ಟವಲು ದೂರದಿಂದಲೇ ಕಂಡಿತು. ಅದರ ಸುತ್ತ ಜನ ನಿಂತಿದ್ದರು. ಒಬ್ಬ ಕೈ ತೆಗೆಯುತ್ತಿದ್ದ, ಅವನ ಹಿಂದೆ ಇನ್ನೊಬ್ಬ ತೋಳು ಏರಿಸುತ್ತಿದ್ದ.

"ಕಾಕಾ, ಗ್ಲೌಸ್! ಕೈ ಥಂಡಿ ಹಿಡೀತೈತ್ರಿ, ಮೊದ್ಲ ಹಾಕ್ಕೊಳ್ರಿ" ಎಂದು ಕೂಗಿದೆ.

ಅವರು ನನ್ನ ಕಡೆ ತಿರುಗಲೂ ಇಲ್ಲ.

"ತಡಿ ತಂಗೀ" ಎಂದರು, "ಕೈ ಖಾಲಿ ಇಲ್ಲ."